ಮೂಗೊಂದನ್ನು ಬಿಟ್ಟು

ಮೂಗಣ್ಣನಿಗೆ ತನ್ನ ಹೆಂಡತಿಯ ಮೇಲಿದ್ದ ದೊಡ್ಡ ದೂರೆಂದರೆ, ಇತ್ತೀಚೆಗೆ ಅವಳು ಊಟಕ್ಕೆ ಅನ್ನದ ಜೊತೆ ಅಪಘಾತಗಳನ್ನೂ ಬಡಿಸುತ್ತಿದ್ದಳು.

"ಒಬ್ಬ ಬಡಗಿ ಇದ್ದನಂತೆ, ಒಳ್ಳೇ ಕೆಲಸಗಾರ," ಎಂದು ಸೌಟು ಹಿಡಿದೇ ಶುರುಮಾಡುವಳು. "ಗರಗಸ ಜಾರಿತಂತೆ ನೋಡಿ. ಇನ್ನೊಂಚೂರು ಬೀನ್ಸ್ ಹಾಕ್ಲಾ?"

ಬೀನ್ಸನ್ನು ಅವಳು ಸರಿಯಾಗಿ ಬೆರಳಿನ ಉದ್ದಕ್ಕೇ ಹೆಚ್ಚಿರುತ್ತಿದ್ದಳು. ಮೂಗಣ್ಣ ತಟ್ಟೆಯನ್ನು ಮೆಲ್ಲನೆ ದೂರ ಸರಿಸುತ್ತಿದ್ದ.

ಮೂಗಣ್ಣ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಹೊಟ್ಟೆಪಾಡು ಇಟ್ಟ ಹೆಸರು. ಚಹಾಪುಡಿ ಮಾರುವ ಕಂಪನಿಯೊಂದರಲ್ಲಿ ಅವನು ಮುಖ್ಯ ರುಚಿಗಾರ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮೂಗಣ್ಣ ಚಮಚ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಾ, ಮೂಸಿ, ಸುರ್ರೆಂದು ಬಾಯಿಗೆಳೆದು, ಬಾಯೊಳಗೆ ಒಂದು ಸುತ್ತು ತಿರುಗಿಸಿ, ಪಕ್ಕದ ಬಕೆಟ್ಟಿಗೆ ಉಗಿದು ತೀರ್ಪು ಕೊಡುತ್ತಾನೆ. ಕಣ್ಣು ಮುಚ್ಚಿಕೊಂಡೇ, ಈ ಎಲೆ ಬೆಟ್ಟದ ಯಾವ ಮಗ್ಗುಲಿನದು, ಒಣಗಿಸಿದವನು ಅವಸರದಲ್ಲಿದ್ದನೇ, ಗೋಣಿಚೀಲ ಉಗ್ರಾಣದಲ್ಲಿ ಸೋಪಿನ ಪೆಟ್ಟಿಗೆಯ ಪಕ್ಕ ಕೂತಿತ್ತೇ ಎಂದೆಲ್ಲ ಹೇಳಬಲ್ಲ ಘ್ರಾಣಸಾರ್ವಭೌಮ ಅವನು. ಕಂಪನಿಯ ಧಣಿ ಕೂಡ ಅವನ ಮುಖ ನೋಡಿ ಮಾತಾಡುತ್ತಿರಲಿಲ್ಲ, ಮೂಗು ನೋಡಿ ಮಾತಾಡುತ್ತಿದ್ದರು.

ಇಂಥ ಮೂಗು ಸಂಜೆಯಾದರೆ ಮನೆಗೇ ಬರಬೇಕಲ್ಲ? (ಕಚೇರಿಯಲ್ಲಿ ಬಿಟ್ಟು ಬರುವ ವ್ಯವಸ್ಥೆ ಇನ್ನೂ ಆಗಿಲ್ಲ.) ಬಾಗಿಲು ದಾಟುವ ಮೊದಲೇ ಮೆಟ್ಟಿಲ ಮೇಲೆ ನಿಂತು, "ಹಾಲು ಎರಡು ಸಲ ಕಾಯಿಸಿದೀರಿ," ಎನ್ನುವನು. ಚಪ್ಪಲಿ ಬಿಡುತ್ತಾ, "ನೆಲ ಒರೆಸಿದ ಬಟ್ಟೆ ಒಣಗಿಲ್ಲ," ಎನ್ನುವನು. ಅನ್ನ ಬಾಯಿಗಿಡುವ ಮೊದಲು ತಟ್ಟೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆಯುವನು. ಆ ಒಂದು ಕ್ಷಣ ಅವನ ಹೆಂಡತಿಯೂ ತಾಯಿಯೂ ಫಲಿತಾಂಶ ಕಾಯುವ ಮಕ್ಕಳಂತೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಮನೆಯಲ್ಲಿ ಕಾಫಿ ಎಂಬ ಪದವೇ ನಿಷಿದ್ಧ. ಅದು ರಾಜದ್ರೋಹ.

ಹೆಂಡತಿ ವಿಮೆಯ ಏಜೆಂಟಾಗಲು ಹೊರಟಾಗ ಅವನು ಅಡ್ಡ ಬರಲಿಲ್ಲ. ಸಂಜೆ ಮನೆ ಸ್ವಲ್ಪ ತಣ್ಣಗಿರುತ್ತದೆ ಎಂದುಕೊಂಡ. ಆದರೆ ಅವಳಿಗೆ ಮಾರಲು ಕೊಟ್ಟ ಸರಕಿನ ಹೆಸರು 'ಅಂಗವೈಕಲ್ಯ ಆದಾಯ ವಿಮೆ.' ಆ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿ ಬೀದಿಯ ತಿರುವು ದಾಟಿರುತ್ತಿದ್ದ.

"ಅಂಗಿ ವಿಮೆನಾ?" ಎಂದು ಮೂಗಣ್ಣನ ತಾಯಿ ಕಿವಿ ಮುಂದೆ ಮಾಡಿದರು. "ಇವನದ್ದಕ್ಕೇ ಮಾಡ್ಸಮ್ಮಾ. ಕಾಲರ್ ಬೇಗ ಹರಿಯುತ್ತೆ."

"ಅಂಗಿ ಅಲ್ಲ ಅತ್ತೆ, ಅಂಗ! ಜೀವವಿಮೆ ಅಂದ್ರೆ ಸತ್ತ ಮೇಲೆ ಮನೆಯವರಿಗೆ ದುಡ್ಡು. ಇದು ಹಾಗಲ್ಲ. ಮನುಷ್ಯ ಸಾಯಲ್ಲ, ಆದರೆ ಕೆಲಸಕ್ಕೆ ಹೋಗೋ ಹಾಗಿಲ್ಲ. ಕಾಲು ಮುರೀತು, ಬೆನ್ನು ಹಿಡೀತು, ಏನೋ ಒಂದು ಆಯ್ತು, ಮಲಗಿದಾರೆ ಅಂತಿಟ್ಕೊಳ್ಳಿ. ಆಗ ತಿಂಗಳು ತಿಂಗಳು ಸಂಬಳದ ಒಂದು ಪಾಲು ಮನೆಗೆ ಬರುತ್ತೆ."

"ಮಲಗಿದ್ರೆ ದುಡ್ಡು ಕೊಡ್ತಾರಾ? ಅಯ್ಯೋ, ಇದು ನಿನ್ನ ಮಾವನ ಕಾಲದಲ್ಲಿ ಇರಬೇಕಿತ್ತು ಕಣೇ!" ಎಂದು ಅತ್ತೆ ನಿಟ್ಟುಸಿರು ಬಿಟ್ಟರು.

ಮೂಗಣ್ಣ ಪತ್ರಿಕೆಯ ಹಿಂದಿನಿಂದ ನಕ್ಕ. ಹೆಂಡತಿ ಅವನ ಕಡೆ ತಿರುಗಿದಳು.

"ನಗಬೇಡಿ. ಇದರಲ್ಲಿ ಎರಡು ತರ ಇದೆ. ಒಂದು 'ಯಾವುದೇ ವೃತ್ತಿ.' ಅಂದ್ರೆ, ನಿಮಗೆ ಯಾವ ಕೆಲಸವೂ ಮಾಡೋಕಾಗದ ಸ್ಥಿತಿ ಬಂದ್ರೆ ಮಾತ್ರ ದುಡ್ಡು. ಇನ್ನೊಂದು 'ಸ್ವಂತ ವೃತ್ತಿ.' ನೀವು ಈಗ ಮಾಡ್ತಿರೋ ಕೆಲಸ ಮಾಡೋಕಾಗದಿದ್ರೆ ಸಾಕು. ನಿಮ್ಮನ್ನೇ ತಗೊಳ್ಳಿ. ನಾಳೆ ನಿಮ್ಮ ಮೂಗು ಹೋಯ್ತು ಅಂದ್ಕೊಳ್ಳಿ."

"ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೋ ಹೋಯ್ತು. ಕೈಕಾಲು ಗಟ್ಟಿಯಾಗಿದೆ. 'ಯಾವುದೇ ವೃತ್ತಿ'ಯವರು ಏನಂತಾರೆ? ಗೇಟು ಕಾಯಪ್ಪಾ, ಡಬ್ಬಕ್ಕೆ ಲೇಬಲ್ ಅಂಟಿಸಪ್ಪಾ, ದುಡ್ಡು ಯಾಕೆ ಅಂತಾರೆ. 'ಸ್ವಂತ ವೃತ್ತಿ'ಯಲ್ಲಿ ಹಾಗನ್ನೋ ಹಾಗಿಲ್ಲ. ಮೂಗೇ ಲೆಕ್ಕ. ಕಂತು ಸ್ವಲ್ಪ ಜಾಸ್ತಿ, ಆದರೆ ನಿಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಮೊದಲನೇ ಗಿರಾಕಿ ನೀವೇ ಆಗಿ."

ಮೂಗಣ್ಣ ಪತ್ರಿಕೆ ಮಡಿಸಿ, ಎರಡು ಬೆರಳಿನಿಂದ ಮೂಗನ್ನು ನೇವರಿಸಿಕೊಂಡ. "ನೋಡೇ, ಕೈಯಲ್ಲಿ ದುಡಿಯೋರು ಕೈ ಮುರ್ಕೋತಾರೆ, ಕಾಲಲ್ಲಿ ದುಡಿಯೋರು ಕಾಲು ಮುರ್ಕೋತಾರೆ. ನನ್ನ ಮೂಗು ಏಣಿ ಹತ್ತುತ್ತಾ? ಗರಗಸ ಹಿಡಿಯುತ್ತಾ? ರಸ್ತೆ ದಾಟುತ್ತಾ? ಅದರ ಪಾಡಿಗೆ ಅದು ಮುಖದ ಮಧ್ಯೆ ಕ್ಷೇಮವಾಗಿ ಕೂತಿದೆ. ಸುಮ್ಮನೆ ಅಪಶಕುನ ನುಡೀಬೇಡ."

ಹೆಂಡತಿ ಮೂಗು ಮುರಿದಳು. (ತನ್ನದನ್ನು.)

ಮನೆಯಲ್ಲಿ ಬೋಣಿಯಾಗದ ಮೇಲೆ ಅವಳು ಬೀದಿಗೆ ಇಳಿದಳು. ತರಬೇತಿಯಲ್ಲಿ, ಗಿರಾಕಿಗೆ ಅಪಾಯವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಬೇಕು ಎಂದು ಹೇಳಿಕೊಟ್ಟಿದ್ದರು. ಅವಳು ಆ ಪಾಠವನ್ನು ಮನಸ್ಸಿಟ್ಟು ಕಲಿತಿದ್ದಳು. ದೀಪ ಸರಿಮಾಡಲು ಬಂದ ಎಲೆಕ್ಟ್ರಿಷಿಯನ್ ಏಣಿಯ ತುದಿ ಮುಟ್ಟಿದ ಮೇಲೆ, "ಅಲ್ಲಿಂದ ಬಿದ್ರೆ ಸೊಂಟ ಎಷ್ಟು ಕಡೆ ಮುರಿಯಬಹುದು ಅಂತ ಯಾವತ್ತಾದ್ರೂ ಯೋಚಿಸಿದೀರಾ?" ಎಂದು ಕೆಳಗಿನಿಂದ ಕೇಳಿದಳು. ಅವನು ಯೋಚಿಸಿರಲಿಲ್ಲ. ಯೋಚಿಸಿದ ಕೂಡಲೇ ಏಣಿಯನ್ನು ಅಪ್ಪಿಕೊಂಡುಬಿಟ್ಟ. ಇಳಿಸಲು ಪಕ್ಕದ ಮನೆಯವರು ಬರಬೇಕಾಯಿತು. ಕ್ಷೌರಿಕನ ಹತ್ತಿರ ಅವಳು ಮಾತಾಡಿದ್ದು ಅವನು ಮೂಗಣ್ಣನ ಗಡ್ಡ ಹೆರೆಯುತ್ತಿದ್ದಾಗ. "ಇದ್ದಕ್ಕಿದ್ದ ಹಾಗೆ ನಿಮ್ಮ ಕೈ ನಡುಗೋಕೆ ಶುರುವಾದ್ರೆ?" ಎಂದಳು. ಶುರುವಾಯಿತು. ಮೂಗಣ್ಣ ಕೆನ್ನೆಗೆ ಪಟ್ಟಿ ಅಂಟಿಸಿಕೊಂಡು ಕಚೇರಿಗೆ ಹೋದ.

ಕೆಲವೇ ದಿನಗಳಲ್ಲಿ, ಅವಳು ಚೀಲ ಹೆಗಲಿಗೇರಿಸಿ ಬರುವುದು ಕಂಡರೆ ಜನ ಎದುರು ಸಾಲಿಗೆ ದಾಟತೊಡಗಿದರು. ದರ್ಜಿ ಅಂಗಡಿಯ ಬಾಗಿಲನ್ನು ಅರ್ಧ ಎಳೆಯುತ್ತಿದ್ದ. ಒಂದು ಪಾಲಿಸಿಯೂ ಮಾರಾಟವಾಗಲಿಲ್ಲ.

ಇಷ್ಟರಲ್ಲಿ ಮೂಗಣ್ಣನಿಗೆ ನೆಗಡಿಯಾಯಿತು. ಎಲ್ಲರಿಗೂ ಆಗುವಂಥ ಬಡಪಾಯಿ ನೆಗಡಿ. ವಾರದ ಮಟ್ಟಿಗೆ ಸೀನಿಸಿ, ಕರವಸ್ತ್ರಗಳನ್ನು ಒದ್ದೆ ಮಾಡಿ, ತಾನಾಗಿ ಹೊರಟುಹೋಯಿತು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಗೊತ್ತಾದದ್ದು ಕಚೇರಿಯಲ್ಲಿ, ಬಿಳಿ ಬಟ್ಟಲುಗಳ ಸಾಲಿನ ಮುಂದೆ. ಮೂಗಣ್ಣ ಮೊದಲ ಬಟ್ಟಲನ್ನು ಮೂಸಿದ. ಬಿಸಿನೀರು. ಎರಡನೆಯದು, ಬಿಸಿನೀರು. ನಾಲಿಗೆ ಮಾತ್ರ ಕಹಿ, ಒಗರು ಎಂದು ಏನೋ ಗೊಣಗುತ್ತಿತ್ತು. ಆದರೆ ಯಾವ ಎಲೆ, ಯಾವ ಬೆಟ್ಟ ಎಂಬ ಗುರುತೇ ಸಿಗಲಿಲ್ಲ. ಇಷ್ಟು ವರ್ಷದ ಪರಿಚಯಸ್ಥರೆಲ್ಲ ಮುಖಕ್ಕೆ ಮುಸುಕು ಹಾಕಿಕೊಂಡು ಸಾಲಾಗಿ ನಿಂತಂತಿತ್ತು. ಅವನ ಬೆನ್ನಿನಲ್ಲಿ ಬೆವರು ಇಳಿಯಿತು. ಬೆವರಿನ ವಾಸನೆಯೂ ಬರಲಿಲ್ಲ.

ಪಕ್ಕದಲ್ಲಿ ಎರಡನೇ ರುಚಿಗಾರ ನಿಂತಿದ್ದ. ಹತ್ತಾರು ವರ್ಷ ಮೂಗಣ್ಣನಿಂದ "ನಿಂದೇನು ಮೂಗಾ, ಬಾಗಿಲ ಹಿಡಿಕೆನಾ?" ಎಂದು ಬೈಸಿಕೊಂಡು ಬಂದ ಸಾಧು ಪ್ರಾಣಿ.

"ಮೊದಲು ನೀವು ಹೇಳಿ, ನೋಡೋಣ," ಎಂದ ಮೂಗಣ್ಣ, ಪರೀಕ್ಷಕನ ಗತ್ತಿನಲ್ಲಿ.

ಅವನು ಹೆದರುತ್ತಲೇ ಹೇಳಿದ. ಮೂಗಣ್ಣ ಕಣ್ಣು ಮುಚ್ಚಿ, ಸುರ್ರೆಂದು ಎಳೆದು, ಉಗಿದು, "ಹ್ಞೂಂ. ಪರವಾಗಿಲ್ಲ. ಕಲಿತಿದೀರಿ," ಎಂದ. ಆ ಸಾಧು ಪ್ರಾಣಿಯ ಕಣ್ಣಲ್ಲಿ ನೀರಾಡಿತು. ಸಂಜೆ ಮನೆಗೆ ಹೋಗಿ, ಸಾಹೇಬರು ಬದಲಾಗಿದಾರೆ ಎಂದು ಹೆಂಡತಿಗೆ ಹೇಳಿದನಂತೆ.

ಹೀಗೆ ಪರರ ಮೂಗಿನಲ್ಲಿ ಉಸಿರಾಡುತ್ತಾ ಕೆಲವು ದಿನ ಕಳೆಯಿತು. ಇಂದು ಬಂದೀತು, ನಾಳೆ ಬಂದೀತು ಎಂದು ಮೂಗಣ್ಣ ಸ್ನಾನದ ಮನೆಯಲ್ಲಿ ಸೋಪನ್ನು ಮೂಗಿಗೆ ಒತ್ತಿ ಹಿಡಿದುಕೊಳ್ಳುತ್ತಿದ್ದ. ಬರಲಿಲ್ಲ. ಅಷ್ಟರಲ್ಲಿ ಧಣಿ ಅವನನ್ನು ಕರೆದು, "ಮುಂದಿನ ವಾರ ದೊಡ್ಡ ಖರೀದಿ. ಇಡೀ ವರ್ಷದ ವ್ಯಾಪಾರ ನಿಮ್ಮ ಮೂಗಿನ ಮೇಲೆ ನಿಂತಿದೆ," ಎಂದು ಬೆನ್ನು ತಟ್ಟಿದರು. ಮೂಗಣ್ಣನಿಗೆ ಆ ಭಾರವೆಲ್ಲ ನಿಜವಾಗಿಯೂ ಮೂಗಿನ ಮೇಲೇ ಬಂದು ಕೂತಂತಾಯಿತು.

ಮನೆಗೆ ನಡೆದು ಬರುವಾಗ ದಾರಿಯಲ್ಲಿ ಒಂದು ಮಿಂಚು ಹೊಳೆಯಿತು. ವಿಮೆ! ಸ್ವಂತ ವೃತ್ತಿ! ಏಜೆಂಟ್ ಬೇರೆ ಯಾರೂ ಅಲ್ಲ, ತಾಳಿ ಕಟ್ಟಿಸಿಕೊಂಡವಳು!

ಅಂದು ಸಂಜೆ ಅವನು ಹೆಂಡತಿಯ ಎದುರು ಕುರ್ಚಿ ಎಳೆದು ಕೂತ. "ಅಲ್ಲಾ ಕಣೇ, ನೀನು ಹೇಳಿದ್ದು ಯೋಚನೆ ಮಾಡ್ದೆ. ನೀನು ಹೇಳಿದ್ದು ಸರಿ."

ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಚಾಕು ನಿಂತಿತು. ಒಳಗಿನ ಕೋಣೆಯಲ್ಲಿ ತಾಯಿಯ ಗೊರಕೆ ಕೂಡ ನಿಂತಿತು.

"ಏನಂದ್ರಿ?"

"ನೀನು ಹೇಳಿದ್ದು ಸರಿ ಅಂದೆ."

"ಇನ್ನೊಂದ್ಸಲ ಹೇಳಿ. ಅತ್ತೆ ಕೇಳಿಸ್ಕೊಳ್ಳಲಿ."

ಮೂರನೇ ಸಲವೂ ಹೇಳಿಸಿಕೊಂಡ ಮೇಲೆ ಅವಳು ಕೈ ಒರೆಸಿಕೊಂಡು, ಚೀಲದಿಂದ ಅರ್ಜಿ ತೆಗೆದು, ಕನ್ನಡಕ ಏರಿಸಿ, ಊಟದ ಮೇಜಿಗೆ ಬಂದು ಕೂತಳು. ಕೂತ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು, ಧ್ವನಿ ಬದಲಾಯಿತು. ಅವನನ್ನು "ಸಾರ್" ಎಂದು ಕರೆಯತೊಡಗಿದಳು.

"ಸಾರ್, ಈಗ ನಾನು ಕೇಳೋ ಪ್ರಶ್ನೆಗಳಿಗೆ ಮುಚ್ಚುಮರೆ ಇಲ್ಲದೆ ಉತ್ತರ ಹೇಳಬೇಕು. ಏನನ್ನಾದ್ರೂ ಬಚ್ಚಿಟ್ರೆ ನಾಳೆ ಪಾಲಿಸಿ ಕಾಗದಕ್ಕೂ ಪೊಟ್ಟಣ ಕಟ್ಟೋ ಕಾಗದಕ್ಕೂ ವ್ಯತ್ಯಾಸ ಇರಲ್ಲ. ಕಣ್ಣು?"

"ಚೆನ್ನಾಗಿದೆ."

"ಕಿವಿ?"

"ನೀನು ಮಾತಾಡುವಾಗ ಬಿಟ್ರೆ ಬಾಕಿಯೆಲ್ಲ ಕೇಳುತ್ತೆ."

"ಬೆನ್ನು?"

"ಬಗ್ಗಿ ಬಗ್ಗಿ ಅಭ್ಯಾಸ ಆಗಿದೆ."

"ಮೂಗು?"

"ಮೂಗಿಗೇನು?" ಎಂದ ಮೂಗಣ್ಣ. ಧ್ವನಿ ಎಣಿಸಿದ್ದಕ್ಕಿಂತ ಒಂದು ಮೆಟ್ಟಿಲು ಮೇಲೇರಿತು. "ಮೂಗು ಮೂಗಿನ ಹಾಗಿದೆ."

"ಸಂತೋಷ ಸಾರ್. ಸ್ವಲ್ಪ ಚಹಾ ಕುಡೀರಿ. ಅತ್ತೆ, ತರ್ತೀರಾ?"

ತಾಯಿ ಬಟ್ಟಲು ತಂದು ಮಗನ ಮುಂದಿಟ್ಟರು. ಇಟ್ಟವರು ಹೋಗಲಿಲ್ಲ, ಅಲ್ಲೇ ನಿಂತರು. ಇದೇ ಸಮಯ ಎಂದುಕೊಂಡ ಮೂಗಣ್ಣ. ಮೂಗಿನ ಬಗ್ಗೆ ಯಾರಿಗೂ ಎಳ್ಳಷ್ಟು ಅನುಮಾನ ಉಳಿಯಬಾರದು. ಬಟ್ಟಲನ್ನು ಎತ್ತಿ, ಕಣ್ಣು ಮುಚ್ಚಿ, ಹೊಳ್ಳೆಗಳು ಅರಳುವಂತೆ ದೀರ್ಘವಾಗಿ ಉಸಿರೆಳೆದು, ಸುರ್ರೆಂದು ಒಂದು ಗುಟುಕು ಹೀರಿದ.

"ಆಹಾ! ಎತ್ತರದ ತೋಟದ ಎಲೆ. ಬೆಳಗಿನ ಬಿಸಿಲು ಬೀಳೋ ಮಗ್ಗುಲು. ಮಂಜು ಆರೋಕೆ ಮುಂಚೆ ಕಿತ್ತಿದಾರೆ. ಒಣಗಿಸಿದವನು ಪುಣ್ಯಾತ್ಮ. ತುದಿಯಲ್ಲಿ ಒಂದು ಹೂವಿನ ಎಳೆ ಇದೆ ನೋಡು, ಅದು ಎಲ್ಲರ ಮೂಗಿಗೂ ಸಿಕ್ಕಲ್ಲ. ಕುದಿಸೋದು ಮಾತ್ರ ಒಂಚೂರು ಹೆಚ್ಚಾಗಿದೆ."

ಮೂಗಣ್ಣ ಒಂದು ಕಣ್ಣು ತೆರೆದ.

"ಅದು ಕಾಫಿ ಕಣೋ," ಎಂದರು ತಾಯಿ.

ಮೂಗಣ್ಣ ಬಟ್ಟಲನ್ನು ತಟ್ಟೆಯ ಮೇಲೆ ಕುಕ್ಕಿದ. "ಕಾಫಿ! ಈ ಮನೆಯಲ್ಲಿ ಕಾಫಿ ಎಲ್ಲಿಂದ ಬಂತು?"

"ನನ್ನ ಹಾಸಿಗೆ ಕೆಳಗೆ, ಮುಲಾಮಿನ ಬಟ್ಟೆ ಸುತ್ತಿ ಇಟ್ಟಿದ್ದ ಡಬ್ಬಿಯಿಂದ. ನೀನು ಕಚೇರಿಗೆ ಹೋದ್ಮೇಲೆ ಕಿಟಕಿಯೆಲ್ಲ ತೆಗೆದು ಕುಡೀತಿದ್ದೆ. ಆವತ್ತೊಂದು ದಿನ ತಡೀಲಾರದೆ ಬೆಳಿಗ್ಗೇನೇ ಇಟ್ಟುಬಿಟ್ಟೆ. ನೀನು ಒಲೆ ಪಕ್ಕದಲ್ಲೇ ಹಾದುಹೋದೆ, ಹುಬ್ಬು ಕೂಡ ಅಲ್ಲಾಡ್ಲಿಲ್ಲ. ಆಗಲೇ ನನ್ನ ಎದೆ ಧಸಕ್ ಅಂತು. ಆಮೇಲೆ ದಿನಾ ಕುಡಿದು ನೋಡ್ದೆ. ಪರೀಕ್ಷೆಗೆ."

"ನನ್ನ ಮೂಗಿನ ಕೆಳಗೇ!"

"ಇನ್ನೆಲ್ಲಿ ಕುಡೀಲಪ್ಪಾ, ಅದಕ್ಕಿಂತ ಕ್ಷೇಮವಾದ ಜಾಗ ಈಗ ಮನೆಯಲ್ಲೇ ಇಲ್ಲ."

ಮೂಗಣ್ಣ ಹೆಂಡತಿಯ ಕಡೆ ತಿರುಗಿದ. "ಗೊತ್ತಿದ್ದೂ ಸುಮ್ಮನಿದ್ಯಾ? ಆಯ್ತು, ಗೊತ್ತಾಯ್ತಲ್ಲ. ಈಗ ಬರ್ಕೋ. ಮೂಗು ಸರಿಯಾಗಿದೆ ಅಂತ ಬರ್ಕೋ."

ಹೆಂಡತಿ ಪೆನ್ನಿನ ಮುಚ್ಚಳ ಹಾಕಿದಳು. "ಬರೆಯಲ್ಲ."

"ನಿನ್ನ ಗಂಡ ಕಣೇ ನಾನು!"

"ಇಲ್ಲಿ ಕೂತಿರೋದು ಗಿರಾಕಿ. ಬಸ್ಸು ಹೋದ್ಮೇಲೆ ಬಂದು ಟಿಕೆಟ್ ಕೊಡು, ಸೀಟೂ ಕೊಡು ಅಂದ್ರೆ ಕಂಡಕ್ಟರ್ ಏನು ಮಾಡ್ಬೇಕು? ಇರೋ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸೋದು ಮೋಸ. ನನ್ನ ಮೊದಲನೇ ಪಾಲಿಸಿಯೇ ಮೋಸದ್ದು ಆಗೋದು ಬೇಡ. ಅದೂ ಮನೆಯವರ ಕೈಲಿ."

ಮೂಗಣ್ಣ ಬೈಯಲು ಬಾಯಿ ತೆರೆದ. ಬಾಯಿಂದ ಬೇರೆಯೇ ಬಂತು.

"ವಾಸನೆ ವಾಪಸ್ ಬರದೇ ಹೋದ್ರೆ? ನನಗೆ ಇನ್ನೇನೂ ಬರಲ್ಲ ಕಣೇ. ಒಂದು ಮೊಳೆ ಹೊಡೆಯೋಕೂ ಬರಲ್ಲ. ಇದೊಂದೇ ಇದ್ದದ್ದು."

ಅಷ್ಟು ಸಣ್ಣ ಧ್ವನಿ ಅವನ ಹತ್ತಿರ ಇದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಕನ್ನಡಕ ತೆಗೆದಳು. ಕಾಫಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅವನ ಕೈ ಹಿಡಿದು, "ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗೋಣ. ಅಲ್ಲಿಂದ ನಿಮ್ಮ ಧಣಿ ಹತ್ರ. ನಾನೂ ಬರ್ತೀನಿ," ಎಂದಳು. ತಾಯಿ ಮಗನ ತಲೆ ಸವರಿದರು. ಸವರುತ್ತಲೇ, ಆರಿಹೋಗುತ್ತದೆ ಎಂದು, ಉಳಿದ ಕಾಫಿಯನ್ನು ಕುಡಿದುಬಿಟ್ಟರು.

ಮೂಗಿನ ಡಾಕ್ಟರು ಚಿಕ್ಕ ಟಾರ್ಚ್ ಹಿಡಿದು ಎರಡೂ ಹೊಳ್ಳೆಗಳಲ್ಲಿ ಇಣುಕಿ ನೋಡಿದರು. ನೆಗಡಿಯಿಂದ ಒಳಗೆಲ್ಲ ಬಾತುಕೊಂಡಿದೆ, ಬಹಳ ಮಟ್ಟಿಗೆ ವಾಪಸ್ ಬರುತ್ತದೆ, ಯಾವಾಗ ಎಂದು ಮಾತ್ರ ಹೇಳಲಾರೆ ಎಂದರು. ಔಷಧಿ ಬರೆದುಕೊಟ್ಟು, ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದರು.

ಧಣಿಯ ಕೋಣೆಗೆ ಮೂಗಣ್ಣ ಒಬ್ಬನೇ ಹೋದ; ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತಳು. ಬಾಗಿಲು ಪೂರ್ತಿ ಮುಚ್ಚದಿದ್ದದ್ದರಿಂದ ಒಳಗಿನದೆಲ್ಲ ಕೇಳುತ್ತಿತ್ತು. (ಮುಚ್ಚದಂತೆ ಅವಳ ಪಾದ ಅಡ್ಡ ಇತ್ತು.) ಮೂಗಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಸಿದ. ಧಣಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ಅಂದ್ರೆ ಇಷ್ಟು ದಿನ ನೀವು ಆರಿಸಿದ್ದು?"

"ಅದು ಎರಡನೇ ರುಚಿಗಾರರ ಮೂಗು ಸಾರ್. ಬಾಯಿ ಮಾತ್ರ ನನ್ನದು. ಅವರು ಒಂದನ್ನೂ ತಪ್ಪು ಹೇಳಿಲ್ಲ. ದೊಡ್ಡ ಖರೀದಿಗೂ ಅವರನ್ನೇ ನಂಬಬಹುದು."

ಇದನ್ನು ಹೇಳುವುದು ಮೂಗಣ್ಣನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು. ಆದರೂ ಹೇಳಿದ. ಧಣಿ ಬೈಯಲಿಲ್ಲ. ಕುರ್ಚಿಗೆ ಒರಗಿ, ಕಿಟಕಿಯ ಆಚೆ ಉಗ್ರಾಣದಲ್ಲಿ ಓಡಾಡುತ್ತಿದ್ದ ಜನರನ್ನು ನೋಡಿದರು.

"ಒಂದು ನೆಗಡಿಗೆ ಹೀಗಾಗುತ್ತೆ ಅಂದ್ರೆ, ಲಾರಿ ಓಡಿಸೋನ ಕಣ್ಣಿಗೆ, ಮೂಟೆ ಹೊರೋನ ಬೆನ್ನಿಗೆ ಏನಾದ್ರೂ ಆದ್ರೆ ಗತಿ ಏನ್ರೀ?"

ಬಾಗಿಲು ತಾನಾಗಿ ತೆರೆಯಿತು.

"ಸಾರ್, ನೀವು ನಮ್ಮ ಯಜಮಾನ್ರ ಯಜಮಾನ್ರಲ್ವಾ? ನಾನು ಇವರ ಹೆಂಡತಿ," ಎಂದಳು ಅವಳು, ಚೀಲವನ್ನು ಮೇಜಿನ ಮೇಲಿಡುತ್ತಾ. ಮೂಗಣ್ಣ ಕಣ್ಣು ಮುಚ್ಚಿಕೊಂಡ. ಈಗ ಗರಗಸ ಬರುತ್ತದೆ, ಏಣಿ ಬರುತ್ತದೆ, ಧಣಿ ಕಿಟಕಿಯಿಂದ ಹಾರುತ್ತಾರೆ ಎಂದುಕೊಂಡ. ಆದರೆ ಅವಳು ಒಂದು ಅಪಘಾತದ ಹೆಸರನ್ನೂ ಎತ್ತಲಿಲ್ಲ.

"ನಾನು ಹೆದರಿಸೋಕೆ ಬಂದಿಲ್ಲ ಸಾರ್. ಇವರನ್ನ ನೋಡಿ, ಅಷ್ಟೇ."

ಧಣಿ ನೋಡಿದರು. ಮೂಗಣ್ಣ ಏನು ಮಾಡುವುದೆಂದು ತಿಳಿಯದೆ ನಿಂತಿದ್ದ, ಮೂಗು ಕೆಂಪಗೆ, ಕೈಯಲ್ಲಿ ಉಪ್ಪುನೀರಿನ ಬಾಟಲಿ.

"ಗಟ್ಟಿಮುಟ್ಟಾಗಿದಾರೆ. ಊಟ ಮಾಡ್ತಾರೆ, ನಿದ್ದೆ ಮಾಡ್ತಾರೆ, ಜಗಳ ಆಡ್ತಾರೆ. ಕೆಲಸ ಮಾತ್ರ ಮಾಡೋಕಾಗ್ತಿಲ್ಲ. ಕೆಲಸ ನಿಲ್ಲುತ್ತೆ, ಸಂಸಾರ ನಿಲ್ಲಲ್ಲ ಸಾರ್. ಆ ಮಧ್ಯದ ಹಳ್ಳಕ್ಕೆ ಒಂದು ಹಲಗೆ ಹಾಕೋದೇ ಈ ವಿಮೆ. ಸಂಬಳ ನಿಂತ ಕೂಡಲೇ ಬರಲ್ಲ, ಸ್ವಲ್ಪ ದಿನ ಕಾಯಬೇಕು. ಎಷ್ಟು ಹೆಚ್ಚು ದಿನ ಕಾಯ್ತೀವಿ ಅಂತ ಮೊದಲೇ ಒಪ್ಕೊಂಡ್ರೆ ಕಂತು ಅಷ್ಟು ಕಡಿಮೆ. ಇದ್ದದ್ದು ಇದ್ದ ಹಾಗೆ ಹೇಳಿದೀನಿ."

ಧಣಿ ಎರಡೇ ಎರಡು ಪ್ರಶ್ನೆ ಕೇಳಿದರು. ಅವಳು ಎರಡಕ್ಕೂ ನೇರವಾಗಿ ಉತ್ತರ ಹೇಳಿದಳು. ಆ ವಾರದೊಳಗೆ ಲಾರಿಯವನಿಂದ ಹಿಡಿದು ಲೆಕ್ಕದ ಗುಮಾಸ್ತೆಯವರೆಗೆ ಕಂಪನಿಯ ಎಲ್ಲರಿಗೂ ವಿಮೆಯಾಯಿತು. ಎರಡನೇ ರುಚಿಗಾರನಿಗೆ ಮೂಗು, ನಾಲಿಗೆ ಸಹಿತ. ಅವನು ದೊಡ್ಡ ಖರೀದಿಯನ್ನು ಸುಸೂತ್ರವಾಗಿ ಮುಗಿಸಿ, ಮೂಗಣ್ಣನ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕೂರತೊಡಗಿದ್ದ.

ಮೂಗಣ್ಣನ ಪಾಲಿಸಿಯೂ ಬಂತು. ಹೆಂಡತಿಯೇ ತಂದು ಕೈಗಿತ್ತಳು. ಅವನು ಆಸೆಯಿಂದ ಓದಿದ. ಕೈ, ಕಾಲು, ಕಣ್ಣು, ಬೆನ್ನು, ಮಂಡಿ, ಹೃದಯ, ಎಲ್ಲಕ್ಕೂ ರಕ್ಷಣೆ ಇತ್ತು. ಕೊನೆಯಲ್ಲಿ ಒಂದು ಸಾಲು: 'ಮೂಗೊಂದನ್ನು ಬಿಟ್ಟು.'

"ಇದೇನೇ ಇದು? ನನ್ನಿಂದ ಊರಿಗೆಲ್ಲ ವಿಮೆ ಆಯ್ತು, ನನಗೆ ಮಾತ್ರ ಮಂಡಿಗೆ ವಿಮೆನಾ? ಮಂಡಿಯಲ್ಲಿ ಚಹಾ ಮೂಸ್ಲಾ?"

"ಈಗಿರೋ ಕಾಯಿಲೆಗೆ ಕೊಡಲ್ಲ. ಮೂಗು ವಾಪಸ್ ಬಂದು, ಸ್ವಲ್ಪ ಕಾಲ ಗಟ್ಟಿಯಾಗಿ ನಿಂತು, ಡಾಕ್ಟ್ರು ಬರೆದುಕೊಟ್ರೆ ಆ ಸಾಲು ತೆಗೆದುಹಾಕ್ತಾರೆ. ಮೊದಲು ಬರಲಿ."

ಅದು ಬರುವವರೆಗೆ ಮೂಗಣ್ಣನಿಗೆ ಉಗ್ರಾಣದಲ್ಲಿ ಡಬ್ಬಗಳಿಗೆ ಲೇಬಲ್ ಅಂಟಿಸುವ ಕೆಲಸ ಕೊಟ್ಟರು. ಮೊದಲ ದಿನ ಅವನು ಡಬ್ಬಕ್ಕಿಂತ ಹೆಚ್ಚು ತನ್ನ ಅಂಗಿಗೆ ಅಂಟಿಸಿಕೊಂಡು ಬಂದ. 'ಉತ್ಕೃಷ್ಟ ದರ್ಜೆ' ಎಂಬ ಚೀಟಿ ಬೆನ್ನ ಮೇಲಿದ್ದದ್ದನ್ನು ಮನೆಗೆ ಬಂದ ಮೇಲೆ ತಾಯಿ ಕಿತ್ತರು.

ಆದರೆ ಮನೆಯೊಳಗೆ ಒಂದು ವಿಚಿತ್ರ ನಡೆಯಿತು. ಮೂಸಲು ಏನೂ ಇಲ್ಲದ್ದರಿಂದ ಮೂಗಣ್ಣ ತಟ್ಟೆಯ ಮೇಲೆ ಬಗ್ಗುವುದನ್ನು ಬಿಟ್ಟ. ಹಾಕಿದ್ದನ್ನು ತಿಂದು, "ಚೆನ್ನಾಗಿದೆ" ಎಂದು ಏಳುತ್ತಿದ್ದ. ಮೊದಮೊದಲು ಇಬ್ಬರೂ ಹೆದರಿದರು. ಆಮೇಲೆ ಗೋಡೆಗೆ ಒರಗುವುದನ್ನು ಬಿಟ್ಟು ಅವನ ಜೊತೆಯಲ್ಲೇ ಕೂತು ಉಣ್ಣತೊಡಗಿದರು. ಅಡುಗೆಮನೆಯಿಂದ ಅತ್ತೆ ಸೊಸೆಯರ ನಗು ಕೇಳಿಸುತ್ತಿತ್ತು. ತಾಯಿಗೆ ಅಣಕಿಸಿ ಮಾತಾಡುವುದು ಅಷ್ಟು ಚೆನ್ನಾಗಿ ಬರುತ್ತದೆಂದು ಮೂಗಣ್ಣನಿಗೆ ಗೊತ್ತೇ ಇರಲಿಲ್ಲ. ಹೆಂಡತಿ ಹಾಡು ಗುನುಗುತ್ತಿದ್ದಳು. ಇಷ್ಟು ವರ್ಷ ಇದೆಲ್ಲ ಎಲ್ಲಿತ್ತು ಎಂದು ಅವನು ಲೇಬಲ್ ಅಂಟಿಸುತ್ತಾ ಯೋಚಿಸಿದ. ಉತ್ತರ ಅವನ ಮುಖದ ಮಧ್ಯೆಯೇ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವನು ಚಹಾದ ಬಟ್ಟಲನ್ನು ಬಾಯಿಗೆ ಎತ್ತಿದ. ಏನೋ ಒಂದು ಎಳೆ, ತೆಳ್ಳಗೆ, ಬಾಗಿಲ ಸಂದಿಯಿಂದ ನುಸುಳುವ ಬೆಳಕಿನಂತೆ ಒಳಗೆ ಬಂತು. ಮೂಗಣ್ಣ ಉಸಿರು ಬಿಗಿಹಿಡಿದ. ಇನ್ನೊಮ್ಮೆ ಎಳೆದ. ನಿನ್ನೆಯ ಎಲೆ! ನಿನ್ನೆ ಕುದಿಸಿ ಸೋಸಿದ ಎಲೆಯನ್ನೇ ಮತ್ತೆ ಕುದಿಸಿದ್ದಾರೆ! ಅದರ ಹಿಂದೆಯೇ ಒಂದೊಂದಾಗಿ ಬಂದವು: ತಳ ಹಿಡಿದ ಹಾಲು, ಒಣಗದ ನೆಲದ ಬಟ್ಟೆ, ತಾಯಿಯ ಮಂಡಿನೋವಿನ ಮುಲಾಮು, ಹೆಂಡತಿಯ ತಲೆಯೆಣ್ಣೆ, ಹಾಸಿಗೆಯ ಕೆಳಗಿನ ಕಾಫಿ ಡಬ್ಬಿ ಕೂಡ. ಮನೆಯ ಸಮಸ್ತ ದುರ್ವಾಸನೆಗಳೂ ದೂರದೂರಿಂದ ಬಂದ ನೆಂಟರಂತೆ ಅವನನ್ನು ಮುತ್ತಿಕೊಂಡವು. ಅವನ ಕಣ್ಣು ತುಂಬಿತು.

ಎಲ್ಲವನ್ನೂ ಪಟ್ಟಿಮಾಡಿ ಕೂಗಬೇಕೆಂದು ಬಾಯಿ ತೆರೆದವನು, ಎದುರಿಗಿದ್ದ ಎರಡು ಮುಖಗಳನ್ನು ನೋಡಿದ. ಹೆಂಡತಿ, ತಾಯಿ ಇಬ್ಬರೂ ಅವನನ್ನೇ ದಿಟ್ಟಿಸುತ್ತಿದ್ದರು. ಆ ನಗು, ಆ ಗುನುಗು, ಜೊತೆಯ ಊಟ ಎಲ್ಲ ನೆನಪಿಗೆ ಬಂತು. ಬೇಡ. ಮೂಗು ಕಚೇರಿಗಿರಲಿ, ಮನೆಗೆ ನಾನೊಬ್ಬನೇ ಬಂದರೆ ಸಾಕು. ಮೂಗಣ್ಣ ಜೀವನದಲ್ಲಿ ಮೊದಲ ಸಲ ಒಂದು ಮಹಾತ್ಯಾಗ ಮಾಡಿದ.

"ಚಹಾ ತುಂಬಾ ಚೆನ್ನಾಗಿದೆ ಕಣೇ," ಎಂದ.

ಹೆಂಡತಿಯ ಮುಖ ಬಾಡಿತು. "ಇವತ್ತೂ ಇಲ್ಲ ಅತ್ತೆ!"

"ಅಯ್ಯೋ ನನ್ನ ಕಂದಾ!" ಎಂದು ತಾಯಿ ಸೆರಗು ಬಾಯಿಗಿಟ್ಟುಕೊಂಡರು. "ನಿನ್ನೆ ಎಲೆಯಲ್ಲಿ ಮಾಡಿದ್ದೂ ಗೊತ್ತಾಗ್ಲಿಲ್ಲವಲ್ಲೋ! ನಿನ್ನ ಮೂಗು ಬಂತಾ ಅಂತ ನೋಡೋಕೆ ದಿನಾ ಕೆಟ್ಟದಾಗಿ ಮಾಡಿ ಮಾಡಿ ನಮಗೇ ಸಾಕಾಗಿ ಹೋಯ್ತು."

"ಬಂದಿದೆ! ಬಂದಿದೆ!" ಎಂದು ಮೂಗಣ್ಣ ಗಾಬರಿಯಿಂದ ಎದ್ದ. "ನಿನ್ನೆಯ ಎಲೆ ಅಂತ ಮೊದಲೇ ಗೊತ್ತಾಯ್ತು!"

"ಅತ್ತೆ ಹೇಳಿದ್ಮೇಲೆ ಗೊತ್ತಾಯ್ತಾ? ಪಾಪ, ನಮ್ಮ ಸಮಾಧಾನಕ್ಕೆ ಹೇಳ್ತಿದಾರೆ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು. "ಹಾಲು ತಳ ಹಿಡಿದಿದೆ!" ಎಂದ. "ದಿನಾ ಹಿಡಿಯುತ್ತೆ," ಎಂದರು ತಾಯಿ. "ನಿಮ್ಮ ಮುಲಾಮು!" ಎಂದ. "ಹಚ್ಕೊಳ್ಳೋದು ನೋಡಿದೀಯ," ಎಂದರು. ಅವನು ಮೂಗು ಮೂಗು ಬಡಿದುಕೊಂಡು ಹೇಳಿದಷ್ಟೂ ಅವರಿಗೆ ಕನಿಕರ ಹೆಚ್ಚಿತು. ಕೊನೆಗೆ ಇಬ್ಬರೂ ಎರಡು ತೋಳು ಹಿಡಿದುಕೊಂಡು ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರ ಕೋಣೆಯಲ್ಲಿ ಕಾಲಿಟ್ಟವನೇ ಮೂಗಣ್ಣ ಬಾಯಿಬಿಟ್ಟ. "ಡಾಕ್ಟ್ರೇ, ನಿಮ್ಮ ಮೇಜಿನ ಎಡಗಡೆ ಡ್ರಾಯರಿನಲ್ಲಿ ಅರ್ಧ ಸುಲಿದ ಕಿತ್ತಳೆ ಇದೆ. ಕೈಗೆ ಹೊಸ ಸೋಪು. ಹೊಸದಾಗಿ ಬಾಗಿಲಿಗೆ ಬಣ್ಣ ಹೊಡೆಸಿದೀರಿ, ಮುಂಬಾಗಿಲಿಗಲ್ಲ, ಒಳಗಿನದಕ್ಕೆ."

ಡಾಕ್ಟರು ಡ್ರಾಯರ್ ಎಳೆದು ಕಿತ್ತಳೆ ತೆಗೆದು ಮೇಜಿನ ಮೇಲಿಟ್ಟರು. ಟಾರ್ಚ್ ಹಿಡಿದು ಒಳಗೆ ನೋಡಿ, ನಕ್ಕು, "ಪೂರ್ತಿ ವಾಪಸ್ ಬಂದಿದೆ. ಸಂತೋಷ," ಎಂದರು. ತಾಯಿ ಕೈ ಮುಗಿದರು. ಹೆಂಡತಿಯ ಮುಖ ಅರಳಿತು. ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೂಗಣ್ಣ ಎದೆಯುಬ್ಬಿಸಿದ. ಒಂದು ಕ್ಷಣ ಎಲ್ಲರೂ ಸುಖವಾಗಿದ್ದರು.

ಆಮೇಲೆ ಹೆಂಡತಿಯ ಹಿಡಿತ ಸಡಿಲವಾಯಿತು.

"ಒಂದು ನಿಮಿಷ," ಎಂದಳು ಅವಳು. "ಬೆಳಿಗ್ಗೆ ಮೂಗು ಇತ್ತು. ಚಹಾ ಕೆಟ್ಟದಾಗಿತ್ತು. ಗೊತ್ತಿದ್ದೂ ಚೆನ್ನಾಗಿದೆ ಅಂದ್ರಿ."

"ನಿನ್ನ ಸಂತೋಷಕ್ಕೆ ಕಣೇ," ಎಂದ ಮೂಗಣ್ಣ ಹೆಮ್ಮೆಯಿಂದ.

"ಅಂದ್ರೆ ಸುಳ್ಳು."

"ಸುಳ್ಳಲ್ಲ, ಪ್ರೀತಿ."

"ಇರಲಿ. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಮೊದಲನೇ ಚಹಾ ಕುಡಿದು, ಇಂಥ ಚಹಾ ಜನ್ಮದಲ್ಲೇ ಕುಡಿದಿಲ್ಲ ಅಂದಿದ್ರಿ. ಇಷ್ಟು ವರ್ಷ ನೀವು ಏನು ಬೈದ್ರೂ ಆ ಒಂದು ಮಾತು ನೆನೆಸ್ಕೊಂಡು ಸುಮ್ಮನಿದ್ದೆ. ಅದು ಏನಾಗಿತ್ತು? ನಿಜಾನಾ, ಪ್ರೀತಿನಾ?"

ತಾಯಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಡಾಕ್ಟರು ಟಾರ್ಚ್ ಆರಿಸಿ, ಗಲ್ಲಕ್ಕೆ ಕೈಕೊಟ್ಟು, ಮುಂದಕ್ಕೆ ಬಾಗಿದರು. ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಬಾಗಿಲಿನಲ್ಲಿ ತಲೆ ಹಾಕಿದ.

ಮೂಗಣ್ಣ ಜೇಬಿನಿಂದ ಕರವಸ್ತ್ರ ತೆಗೆದು ಮುಖದ ಅರ್ಧ ಭಾಗ ಮುಚ್ಚಿಕೊಂಡ.

"ಡಾಕ್ಟ್ರೇ," ಎಂದ, "ಮತ್ತೆ ಕಟ್ಟಿದ ಹಾಗಿದೆ."